ಸೂಜಿ ಕೆಂಪಿಗೆ ಬಂದಾಗ

ಕಾರಿನ ಬಿಸಿ ತೋರಿಸುವ ಸೂಜಿ ಕೆಂಪು ಗೆರೆಗೆ ಬಂದರೆ ಗಾಡಿ ನಿಲ್ಲಿಸಬೇಕು, ಎಂಜಿನ್ ಆಫ್ ಮಾಡಬೇಕು, ಅದು ತಣ್ಣಗಾಗುವ ತನಕ ಯಾರೂ ಏನನ್ನೂ ಮುಟ್ಟಬಾರದು. ನಿಯಮ ಇಷ್ಟೇ. ಇದರಲ್ಲಿ ಅರ್ಥವಾಗದೇ ಇರುವಂಥದ್ದು ಏನಿದೆ ಎಂದು ನಾನು ಎಲ್ಲರನ್ನೂ ಕೇಳಿ ನೋಡಿದ್ದೇನೆ. ಎಲ್ಲರೂ ‘ಏನೂ ಇಲ್ಲ, ಚೆನ್ನಾಗಿ ಅರ್ಥವಾಗಿದೆ’ ಎನ್ನುತ್ತಾರೆ. ಆಮೇಲೆ ಹೋಗಿ ಅದನ್ನು ಮುರಿಯುತ್ತಾರೆ. ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ.

ನಾನು ಚಿಕ್ಕಬಳ್ಳಾಪುರದಲ್ಲಿ ವಕೀಲ. ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಮಾರ್ಜಿನ್ ಗೆರೆ ದಾಟಿ ಒಂದಕ್ಷರ ಬರೆದರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದ್ದರಿಂದ ಕಾರಿನ ಜೊತೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ಮನುಷ್ಯ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಮೇಲಿನ ನಿಯಮವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಸ್ಟೇರಿಂಗಿನ ಪಕ್ಕದಲ್ಲೇ ಅಂಟಿಸಿದ್ದೆ.

ಅಷ್ಟು ಗಟ್ಟಿಯಾಗಿ ಹಿಡಿಯುವುದಕ್ಕೆ ಕಾರಣವಿತ್ತು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಬೇಸಿಗೆ ರಜಕ್ಕೆ ಮುಂಚೆ ಆಕೆಗೆ ತೊಂಡೇಬಾವಿಗೆ ವರ್ಗವಾಯಿತು. ಬಸ್ಸಿಗೆ ಹೋದರೆ ಮಂಚೇನಹಳ್ಳಿಯಲ್ಲಿಳಿದು ಆಟೋ ತುಂಬುವವರೆಗೆ ಕಾಯಬೇಕು, ಬೆಳಿಗ್ಗೆ ಬೆಳಕು ಹರಿಯುವಷ್ಟರಲ್ಲಿ ಮನೆ ಬಿಡಬೇಕು. ಅದಕ್ಕೆ ಆಕೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ತನ್ನ ಶಿಷ್ಯೆಯರ ವಯಸ್ಸಿನ ಹುಡುಗಿಯರ ಜೊತೆ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ಲೈಸೆನ್ಸ್ ತೆಗೆದುಕೊಂಡಳು. ಶಾಲೆ ತೆರೆಯುವ ದಿನದಿಂದ ನಮ್ಮ ಹಳೆಯ ಕಾರು ಆಕೆಯದು ಎಂದು ಒಪ್ಪಂದವಾಯಿತು. ಅಲ್ಲಿಯವರೆಗೆ ಅದರ ಎಂಜಿನ್ ಬದುಕಿರಬೇಕಿತ್ತು. ಎರಡು ತಿಂಗಳು, ಅಷ್ಟೇ. ನಮ್ಮ ಕುಟುಂಬಕ್ಕೆ ಅದು ಬಹಳ ದೊಡ್ಡ ಅವಧಿ ಎಂದು ನನಗೆ ತಿಳಿದಿರಲಿಲ್ಲ.

ಗೂಡಿಗೆ ಏಸಿ

ನನ್ನ ತಮ್ಮ ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ಹಾಕಿಕೊಂಡು ರೇಷ್ಮೆ ಹುಳು ಸಾಕುತ್ತಾನೆ. ಒಂದು ದಿನ ಬಂದು, “ಅಣ್ಣ, ಒಂದಿನ ಗಾಡಿ ಕೊಡು. ಒಂದು ಕಡೆ ಹೋಗಿ ಬರಬೇಕು” ಎಂದ. ಎಲ್ಲಿಗೆ ಎಂದು ನಾನು ಕೇಳಬೇಕಿತ್ತು. ಸಾಕ್ಷಿಯನ್ನು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಅವನು ಹೋಗಿದ್ದು ರೇಷ್ಮೆ ಗೂಡಿನ ಮಾರುಕಟ್ಟೆಗೆ. ಹಿಂದಿನ ಸೀಟು ಮಡಚಿ, ಡಿಕ್ಕಿಯಿಂದ ಮುಂದಿನ ಸೀಟಿನ ತಲೆಯವರೆಗೆ ಗೂಡಿನ ಚೀಲ ಪೇರಿಸಿದ್ದ. ಬಿಸಿಲಿಗೆ ಗೂಡು ಒಣಗಿದರೆ ತೂಕ ಇಳಿಯುತ್ತದಲ್ಲ, ಅದಕ್ಕೆ ಗಾಜು ಏರಿಸಿ ಏಸಿಯನ್ನು ತುತ್ತತುದಿಗೆ ತಿರುಗಿಸಿದ್ದ. ನಮ್ಮ ಅತ್ತೆಯವರು ಸೆಕೆಯಲ್ಲಿ ಬೀಸಣಿಗೆ ಬೀಸಿಕೊಂಡು ಕೂತು ಪ್ರಯಾಣ ಮಾಡಿದ ಕಾರು ಅದು. ಹುಳುಗಳು ಏಸಿಯಲ್ಲಿ ಹೋದವು.

ಸಂಜೆ ಗಾಡಿ ಮನೆಗೆ ಬಂದಾಗ ಬಾನೆಟ್ಟಿನ ಸಂದಿಯಿಂದ ಹೊಗೆಯಾಡುತ್ತಿತ್ತು. ನಾನು ವಿಚಾರಣೆ ಶುರು ಮಾಡಿದೆ.

“ದಾರೀಲಿ ಸೂಜಿ ನೋಡಿದೆಯೇನೋ?”

“ನೋಡ್ದೆ ಅಣ್ಣ.”

“ಎಲ್ಲಿತ್ತು?”

“ಕೆಂಪಲ್ಲೇ ಇತ್ತು.”

“ಅದರ ಪಕ್ಕದಲ್ಲೇ ನಾನು ಬರೆದಿರೋದು ಓದಿದೆಯಾ?”

“ಎರಡು ಸಲ ಓದ್ದೆ. ನಿನ್ನ ಅಕ್ಷರ ಬಲೇ ಚೆನ್ನಾಗಿದೆ ಅಣ್ಣ, ಪ್ರಿಂಟ್ ಹಾಕ್ದಂಗೆ.”

“ಹಾಗಾದ್ರೆ ಏನು ಮಾಡಿದೆ?”

“ಇನ್ನೂ ಜೋರಾಗಿ ಓಡಿಸ್ದೆ.”

“ಯಾಕೋ!”

“ಪೂರ್ತಿ ಕೆಟ್ಟು ನಿಲ್ಲೋಷ್ಟರಲ್ಲಿ ಮಾರ್ಕೆಟ್ ಸೇರ್ಕೊಂಡ್ಬಿಡಣ ಅಂತ.”

ಗಾಡಿಗೆ ಉಷ್ಣ

ಗೌರಿಬಿದನೂರಿನಲ್ಲಿ ನನ್ನ ಬಾಮೈದ, ಅಂದರೆ ಹೆಂಡತಿಯ ತಮ್ಮ, ಇದ್ದಾನೆ. ಹಾರ್ಡ್‌ವೇರ್ ಅಂಗಡಿ. ಅಂಗಡಿಯಲ್ಲಿ ಎಲ್ಲ ಸಾಮಾನೂ ಇರುವುದರಿಂದ ಎಲ್ಲ ಕೆಲಸವೂ ತನಗೆ ಬರುತ್ತದೆಂದು ಅವನ ನಂಬಿಕೆ. ಮನೆಯವರನ್ನು ಕರೆದುಕೊಂಡು ವಿದುರಾಶ್ವತ್ಥಕ್ಕೆ ನಾಗರಪೂಜೆಗೆ ಹೋಗಬೇಕೆಂದು ಕಾರು ಒಯ್ದ. ಅಕ್ಕನೇ ಕೀ ಕೊಟ್ಟಳು. ಕೊಡುವಾಗ, “ಸೂಜಿ ನೋಡ್ಕೊಂಡಿರಪ್ಪ. ಶಾಲೆಗೆ ನಂಗದೇ ಗಾಡಿ” ಎಂದಳು. “ಅಕ್ಕ, ನಾನೇನು ನಿನ್ನ ಮೈದ್ನಾನಾ?” ಎಂದು ನಕ್ಕುಕೊಂಡು ಹೋದ.

ಮಧ್ಯಾಹ್ನ ಫೋನು ಬಂತು.

“ಭಾವ, ಗಾಬರಿ ಆಗಬೇಡಿ.”

ಗಾಬರಿಯಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನಾನು ಕಂಡಿಲ್ಲ.

ನಡೆದದ್ದು ಇಷ್ಟು. ಪೂಜೆಗೆ ಇನ್ನೇನು ತಲುಪಿದರು ಎನ್ನುವಾಗ ಸೂಜಿ ಏರಿತು. ಈ ಪುಣ್ಯಾತ್ಮ ನಿಲ್ಲಿಸಿದ, ಎಂಜಿನ್ ಆಫ್ ಕೂಡ ಮಾಡಿದ. ನಿಯಮದ ಮೂರರಲ್ಲಿ ಎರಡು ಭಾಗ ಪಾಲಿಸಿದನೆಂದು ಅವನ ವಾದ. ಆದರೆ ತಣ್ಣಗಾಗುವವರೆಗೆ ಕಾಯುವ ಜಾಯಮಾನ ಅವನದಲ್ಲ. ಹೆಗಲ ಮೇಲಿನ ಟವೆಲ್ ಸುತ್ತಿ ರೇಡಿಯೇಟರ್ ಮುಚ್ಚಳ ತಿರುಗಿಸಿದ. ಮುಚ್ಚಳ ಹಾರಿತು. ಅದರ ಹಿಂದೆಯೇ ತುಕ್ಕಿನ ಬಣ್ಣದ ಬಿಸಿನೀರು ಆಳೆತ್ತರ ಚಿಮ್ಮಿತು. ದೇವರು ದೊಡ್ಡವನು, ಅವನು ಪಕ್ಕಕ್ಕೆ ನೆಗೆದಿದ್ದರಿಂದ ಮೈಗೇನೂ ಆಗಲಿಲ್ಲ. ಪೂಜೆಗೆಂದು ಹಾಕಿಕೊಂಡಿದ್ದ ಹೊಸ ಬಿಳಿ ಪಂಚೆ ಮಾತ್ರ ಕಾವಿಯಾಯಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜಿ ಅವನನ್ನು ಯಾವುದೋ ಮಠದವರೆಂದು ತಿಳಿದು ಕೈಮುಗಿದರಂತೆ.

“ಸರಿ, ಆಮೇಲೆ ನೀರು ಹಾಕಿದೆಯಾ?”

“ನೀರು ದೂರ ಇತ್ತು ಭಾವ. ಎಳನೀರಿನವನು ಪಕ್ಕದಲ್ಲೇ ಇದ್ದ.”

ನಾನು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಇಟ್ಟುಕೊಂಡೆ.

“ರೇಡಿಯೇಟರಿಗೆ ಎಳನೀರು ಹಾಕಿದೆಯಾ?”

“ಆರು ಕಾಯಿ ಹಿಡೀತು. ಕೆಳಗೆ ಸಣ್ಣಗೆ ಲೀಕ್ ಇತ್ತು, ಅದಕ್ಕೆ ಪೂಜೆ ಸಾಮಾನಿನಲ್ಲಿದ್ದ ಅರಿಶಿನದ ಪುಡೀನೂ ಹಾಕ್ದೆ. ನಿಂತೋಯ್ತು ಭಾವ! ನೀವೇ ಯೋಚ್ನೆ ಮಾಡಿ. ನಮಗೆ ಮೈ ಉಷ್ಣ ಆದ್ರೆ ಎಳನೀರು ಕುಡೀತೀವಾ ಇಲ್ವಾ? ಗಾಡಿಗೂ ಅದೇ ಉಷ್ಣ.”

ಸಂಜೆ ಕಾರು ನಮ್ಮ ಮನೆಯ ಮುಂದೆ ಬಂದು ನಿಂತಾಗ ಅದರಿಂದ ಹದವಾದ ಕೂಟಿನ ವಾಸನೆ ಬರುತ್ತಿತ್ತು. ಕೀ ಕೊಡುತ್ತಾ ಬಾಮೈದ ಅಕ್ಕನಿಗೆ ತಗ್ಗಿದ ದನಿಯಲ್ಲಿ ಹೇಳಿದ: “ನಾಳೆನೂ ಕಡಿಮೆ ಆಗ್ಲಿಲ್ಲಾಂದ್ರೆ ಮೆಂತ್ಯ ನೆನೆಸಿ ನೋಡಣ.”

ಬೇಡದ ಸಾಮಾನು

ಇನ್ನು ಈ ಗಾಡಿಯನ್ನು ಯಾರಿಗೂ ಕೊಡುವುದಿಲ್ಲವೆಂದು ನಿರ್ಧರಿಸಿ, ಮಾರನೆಯ ದಿನ ಚಿಂತಾಮಣಿಯ ಕೋರ್ಟಿಗೆ ನಾನೇ ಓಡಿಸಿಕೊಂಡು ಹೋದೆ. ಊರು ಸೇರುವಷ್ಟರಲ್ಲಿ ಸೂಜಿ ಮೇಲೆದ್ದಿತು. ನಾನು ನಿಯಮದಂತೆ ನಿಲ್ಲಿಸಿದೆ, ಆಫ್ ಮಾಡಿದೆ, ಕೈಕಟ್ಟಿ ನಿಂತೆ. ನನ್ನ ದುರದೃಷ್ಟ, ನಿಂತ ಜಾಗ ಒಂದು ಗ್ಯಾರೇಜಿನ ಎದುರು.

ಮೆಕ್ಯಾನಿಕ್ ಓಡಿ ಬಂದ. “ಏಂ ಕಾದು ಸಾರ್, ಏಂ ಕಾದು” ಎಂದು, ಏನೂ ಆಗಲ್ಲವೆಂದು ತೆಲುಗಿನಲ್ಲಿ ಧೈರ್ಯ ಹೇಳುತ್ತಾ, ನಾನು ಬೇಡವೆನ್ನುವುದರೊಳಗೆ ಬಾನೆಟ್ ಎತ್ತಿದ. ತಣ್ಣಗಾಗಲಿ ಎಂದೆ. “ಬಿಸೀಲೇ ಬಿಚ್ಚಿದ್ರೆ ನಟ್ಟು ಸಲೀಸಾಗಿ ಬರ್ತವೆ ಸಾರ್” ಎಂದ. ಅರ್ಧ ಗಳಿಗೆಯಲ್ಲಿ ಒಂದು ಪುಟ್ಟ ಹಿತ್ತಾಳೆ ಸಾಮಾನನ್ನು ಕಿತ್ತು, ಒದ್ದೆ ಚಿಂದಿಯ ಸಮೇತ ನನ್ನ ಅಂಗೈಯಲ್ಲಿಟ್ಟ. ಅದು ಥರ್ಮೋಸ್ಟಾಟ್. ಎಂಜಿನ್ನಿನ ಬಿಸಿ ನೋಡಿ ನೀರನ್ನು ಬಿಡುವ, ತಡೆಯುವ ಬಾಗಿಲು.

“ಇದನ್ನ ಯಾಕಯ್ಯ ತೆಗೆದೆ?”

“ಇದು ಫಾರಿನ್ ಚಳಿಗೆ ಮಾಡಿರೋದು ಸಾರ್. ನಮ್ಮ ಕಡೆ ಬೇಡ. ನಾನು ಯಾವ ಗಾಡೀಲೂ ಬಿಡಲ್ಲ.”

“ಕಂಪನಿಯವರು ಇಟ್ಟಿದ್ದಾರೆ ಅಂದ ಮೇಲೆ ಕಾರಣ ಇರುತ್ತೆ.”

“ಕಂಪನಿಯೋರು ಸ್ಟೆಪ್ನಿನೂ ಇಟ್ಟವ್ರೆ ಸಾರ್. ಅದರ ಮೇಲೆ ಓಡಿಸ್ತೀರಾ?”

ಇಪ್ಪತ್ತೈದು ವರ್ಷ ಕೋರ್ಟಿನಲ್ಲಿ ನಿಂತಿದ್ದೇನೆ, ಇಷ್ಟು ಪೂರ್ತಿ ತಪ್ಪಾದ ವಾದಕ್ಕೆ ಅಷ್ಟು ಬೇಗ ಉತ್ತರ ಹೊಳೆಯುವುದಿಲ್ಲ. ನಾನು ಉತ್ತರ ಹುಡುಕುತ್ತಿರುವಾಗಲೇ ಅವನು ಬೋರ್‌ವೆಲ್ಲಿನಿಂದ ಒಂದು ಬಿಂದಿಗೆ ತಣ್ಣೀರು ತಂದು, ಕೆಂಡದಂತಿದ್ದ ಎಂಜಿನ್ನಿಗೆ ಸುರಿದ. ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುಂಯ್ ಎಂದಿತು. ಅದರ ಬೆನ್ನಿಗೇ ಒಳಗೆಲ್ಲೋ ಟಣ್ ಎಂಬ ಸಣ್ಣ, ಸ್ಪಷ್ಟವಾದ ಸದ್ದು ಬಂತು.

“ಏನಯ್ಯ ಅದು ಸದ್ದು?”

“ಖುಷಿ ಸಾರ್. ಬಿಸಿಲಿಂದ ಬಂದೋರಿಗೆ ತಣ್ಣೀರು ಕೊಟ್ರೆ ‘ಆಹಾ’ ಅಂತಾರಲ್ಲ, ಅದೇ ಅದು.”

ಆ ಖುಷಿಯ ನಂತರ ಗಾಡಿ ಸ್ಟಾರ್ಟ್ ಆಗಲಿಲ್ಲ. ಚಿಕ್ಕಬಳ್ಳಾಪುರದ ತನಕ ಅದನ್ನು ಟೊಮೇಟೊ ಕ್ರೇಟುಗಳನ್ನು ಇಳಿಸಿ ಖಾಲಿ ಹೋಗುತ್ತಿದ್ದ ಟೆಂಪೋ ಎಳೆದುಕೊಂಡು ಹೋಯಿತು. ಸ್ಟೇರಿಂಗ್ ಹಿಡಿದು ಹಿಂದೆ ಕೂತಿದ್ದವನು ನಾನು. ದಾರಿಯುದ್ದಕ್ಕೂ ನನ್ನ ಮುಂದಿದ್ದದ್ದು ಟೆಂಪೋದ ಹಿಂಬದಿಯ ಬರಹ ಒಂದೇ: ‘ನಿಧಾನವಾಗಿ ಬಾ ಭಾವ’.

ರಿಪೇರಿಯೋ, ಬದಲಿಯೋ

ನಮ್ಮ ಊರಿನ ಮೆಕ್ಯಾನಿಕ್ ಮಾತು ಕಡಿಮೆಯ ಮನುಷ್ಯ. ಎಂಜಿನ್ ಬಿಚ್ಚಿ ಒಳಗೆ ಇಣುಕಿದ. ಆಮೇಲೆ ಒಂದು ಬೆರಳು ಒಳಗೆ ತೂರಿಸಿ ಹೊರಗೆ ತೆಗೆದು ನನಗೆ ತೋರಿಸಿದ. ಬೆರಳು ಹಳದಿಯಾಗಿತ್ತು.

“ಯಾರ ಮದುವೆ ಸಾರ್?” ಎಂದ.

ಸಂಗತಿ ಹಗುರವಾಗಿರಲಿಲ್ಲ. ಎಂಜಿನ್ನಿನ ತಲೆಭಾಗ, ಅವರು ‘ಹೆಡ್’ ಎನ್ನುವುದು, ಬಿಸಿಗೆ ಸೊಟ್ಟಗಾಗಿತ್ತು. ಅದರ ಕೆಳಗಿನ ಗ್ಯಾಸ್ಕೆಟ್ ಸುಟ್ಟಿತ್ತು. ಮುಂದೆ ಎರಡೇ ದಾರಿ. ಹೆಡ್ಡನ್ನು ಲೇತಿಗೆ ಕೊಟ್ಟು ಸಮ ಮಾಡಿಸಿ ಇದೇ ಎಂಜಿನ್ನನ್ನು ರಿಪೇರಿ ಮಾಡುವುದು, ಇಲ್ಲವೇ ಇದನ್ನು ಎತ್ತಿ ಹಾಕಿ ಯಾವುದೋ ಒಡೆದ ಕಾರಿನ ಎಂಜಿನ್ ತಂದು ಕೂರಿಸುವುದು.

ಭಾನುವಾರ ನಮ್ಮ ಮನೆಯಲ್ಲಿ ಸಭೆ ಸೇರಿತು. ಗಾಡಿಯನ್ನು ಈ ಗತಿಗೆ ತಂದವರೆಲ್ಲ ಸಲಹೆಗಾರರಾಗಿ ಬಂದಿದ್ದರು.

ತಮ್ಮ ಮೊದಲು ಎದ್ದ. “ಬದಲಾಯಿಸ್ಬಿಡಣ್ಣ. ಹುಳಕ್ಕೆ ರೋಗ ಬಿದ್ರೆ ನಾವು ತಟ್ಟೆಗಟ್ಟಲೆ ಗುಂಡಿಗೆ ಹಾಕ್ತೀವಿ. ಒಂದೊಂದೇ ಹುಳಾನ ಹಿಡ್ಕೊಂಡು ಟ್ರೀಟ್‌ಮೆಂಟ್ ಕೊಡಕ್ಕಾಗ್ತದಾ?”

ಬಾಮೈದ ತಲೆಯಾಡಿಸಿದ. “ಬೇರೆಯೋರ ಎಂಜಿನ್ ಯಾಕೆ ಭಾವ? ಅದನ್ನ ಯಾರು ಹೆಂಗೆ ಓಡಿಸಿದ್ರೋ! ಸೂಜಿ ಕೆಂಪಿಗೆ ಬಂದ್ರೂ ನಿಲ್ಲಿಸ್ದೇ ಇರೋ ಜನ ಇರ್ತಾರೆ.”

ತಮ್ಮ ಅವನನ್ನೇ ದುರುಗುಟ್ಟಿ ನೋಡಿದ. “ಮುಚ್ಚಳ ಬಿಚ್ಚಿ ಸ್ನಾನ ಮಾಡೋ ಜನಾನೂ ಇರ್ತಾರೆ” ಎಂದ.

“ಹಂಗಾದ್ರೆ ಮಾರ್ಬಿಡಿ,” ಬಾಮೈದ ಮಾತು ತಿರುಗಿಸಿದ. “ಬೆಳಿಗ್ಗೆ ಹೊತ್ತು ತಣ್ಣಗಿದ್ದಾಗ ತೋರ್ಸಿ, ತಣ್ಣಗಿದ್ದಾಗಲೇ ಕೊಟ್ಟು ಕಳ್ಸಿ.”

ಅದು ಮೋಸ, ನನ್ನ ಮನೆಯಲ್ಲಿ ಆ ಮಾತು ಆಡಕೂಡದು ಎಂದೆ. ಅವರಿಬ್ಬರೂ ಆಮೇಲೆ ರಿಪೇರಿಯ ಪರ, ಬದಲಿಯ ಪರ ಪಕ್ಷ ಅದಲು ಬದಲು ಮಾಡಿಕೊಂಡು ಇನ್ನೊಂದು ಸುತ್ತು ವಾದಿಸಿದರು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಕೊನೆಗೆ ಮೆಕ್ಯಾನಿಕ್‌ಗೆ ಫೋನು ಮಾಡಿ ಸ್ಪೀಕರ್ ಹಾಕಿದಳು.

“ರಿಪೇರಿ ಮಾಡಿದ್ರೆ ಎಷ್ಟು ದಿನ ಬರುತ್ತಪ್ಪ?”

“ಸರಿಯಾಗಿ ನೋಡ್ಕೊಂಡ್ರೆ ವರ್ಷಗಟ್ಲೆ ಬರ್ತದಮ್ಮ. ಆದ್ರೆ ಒಂದು ಮಾತು. ಇನ್ನೊಂದು ಸಲ ಕೆಂಪಿಗೆ ಹೋದ್ರೆ ನನ್ನ ಹತ್ರ ತರಬೇಡಿ. ಸೀದಾ ಗುಜರಿಗೆ ತಗೊಂಡೋಗಿ. ಈ ಗಾಡಿಗೆ ಬೇರೆ ಎಂಜಿನ್ ಹಾಕೋದೂ ದಂಡ.”

“ಸರಿ, ರಿಪೇರಿ ಮಾಡು,” ಎಂದಳು. ಫೋನಿಟ್ಟು ನಮ್ಮ ಮೂವರನ್ನೂ ಒಂದು ಸಲ ನೋಡಿದಳು. “ಕೇಳಿಸ್ತಲ್ಲ? ಇದು ಹೋದ್ರೆ ನಂಗೆ ಆಟೋನೇ ಗತಿ.”

“ಛೆ, ಅತ್ತಿಗೆ, ನಾವಿದ್ದೀವಲ್ಲ!” ಎಂದ ತಮ್ಮ.

“ಅದೇ ಯೋಚನೆ ನಂಗೆ,” ಎಂದು ಒಳಗೆ ಹೋದಳು.

ಶಾಲೆಯ ಮೊದಲ ದಿನ

ಶಾಲೆ ತೆರೆಯುವ ಹಿಂದಿನ ಸಂಜೆ ಗಾಡಿ ರಿಪೇರಿಯಾಗಿ ಬಂತು. ಎಂಜಿನ್ ಹೊಲಿಗೆ ಯಂತ್ರದ ಹಾಗೆ ಮೆತ್ತಗೆ ಓಡುತ್ತಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ನನ್ನ ತಮ್ಮ ಆಗಲೇ ಬಂದು ಪೂಜೆಗೆ ಅಣಿಮಾಡಿದ್ದ. ನಮ್ಮ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಅವತ್ತು ಚೆಂಡುಹೂವನ್ನು ಕೇಳುವವರಿರಲಿಲ್ಲವಂತೆ, ಮೂಟೆಯಲ್ಲೇ ತಂದಿದ್ದ. ರಥಕ್ಕೆ ಹಾಕುವ ಗಾತ್ರದ ಹಾರ ಕಟ್ಟಿಸಿ, ಕಾರಿನ ಮೂತಿಯ ಜಾಲರಿಗೆ ಒಂದರ ಮೇಲೊಂದು ಬಿಗಿದಿದ್ದ. ಎರಡೂ ಪಕ್ಕ ಬಾಳೆಕಂದು. ನಡುವೆ ಬಾಮೈದ ತಂದ ಹೊಸ ರೇಷ್ಮೆ ವಸ್ತ್ರ. ಗಾಡಿಯ ಎದುರಿನಿಂದ ನೋಡಿದರೆ ಅದು ಕಾರೋ ಮಂಟಪವೋ ಹೇಳುವ ಹಾಗಿರಲಿಲ್ಲ. ಶಾಲೆಗೆ ಹೊತ್ತಾಗುತ್ತದೆ, ಬಿಚ್ಚಿ ಎಂದಳು ನನ್ನ ಹೆಂಡತಿ. “ಪೂಜೆ ಮಾಡಿದ್ದನ್ನ ಅವತ್ತೇ ಬಿಚ್ಚಬಾರದು ಅತ್ತಿಗೆ, ತಾನಾಗೇ ಉದುರಬೇಕು” ಎಂದ ತಮ್ಮ.

ಆಕೆ ಸ್ಟೇರಿಂಗ್ ಹಿಡಿದಳು. ಪಕ್ಕದಲ್ಲಿ ನಾನು, ಮೇಲ್ವಿಚಾರಣೆಗೆ. ಹಿಂದೆ ಬಾಮೈದ, ಅವನ ಊರು ಅದೇ ದಿಕ್ಕು. ಅವನ ಪಕ್ಕದಲ್ಲಿ ತಮ್ಮ, ಅವನಿಗೆ ಯಾವ ಕೆಲಸವೂ ಇರಲಿಲ್ಲ. ಮೂವರೂ ಸೇರಿ ಆಕೆಗೆ ಓಡಿಸುವುದನ್ನು ಕಲಿಸುತ್ತಾ ಹೊರಟೆವು. “ಗೇರ್ ಅಕ್ಕ, ಗೇರ್.” “ಹಾರ್ನ್ ಮಾಡಿ ಅತ್ತಿಗೆ, ಎಮ್ಮೆ.” “ಎಡಕ್ಕೆ, ಎಡಕ್ಕೆ ಇರು.” ಆಕೆ ಒಂದಕ್ಕೂ ಉತ್ತರ ಕೊಡದೆ, ಕ್ಲಾಸಿನಲ್ಲಿ ಗಲಾಟೆ ತಾನಾಗಿ ನಿಲ್ಲುವುದನ್ನು ಕಾಯುವ ಟೀಚರ್ ಹಾಗೆ ಓಡಿಸುತ್ತಿದ್ದಳು.

ಮಂಚೇನಹಳ್ಳಿಗೆ ಮುಂಚಿನ ಏರಿನಲ್ಲಿ ಸೂಜಿ ಅಲ್ಲಾಡಿತು. ನಡುವಿನ ಗೆರೆ ದಾಟಿತು. ಮೆಲ್ಲಗೆ ಕೆಂಪಿನ ಕಡೆಗೆ ಹೊರಟಿತು.

ಆಕೆ ಇಂಡಿಕೇಟರ್ ಹಾಕಿ, ಗಾಡಿಯನ್ನು ಒಂದು ಹೊಂಗೆ ಮರದ ಕೆಳಗೆ ತಂದು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ತೆಗೆದುಕೊಂಡು ಕೆಳಗಿಳಿದಳು.

“ಅಯ್ಯೋ ಅತ್ತಿಗೆ, ಏರು ಹತ್ತಿಸ್ಬಿಡಿ!” ತಮ್ಮ ಕೂಗಿದ. “ಆ ಕಡೆ ಇಳಿಜಾರು. ಗಾಳಿಗೆ ತಾನೇ ತಣ್ಣಗಾಗ್ತದೆ!”

“ಇಲ್ಲ.”

“ಅಕ್ಕ, ಬಾನೆಟ್ ಎತ್ತು, ನಾನೊಂದು ಸಲ ಮುಚ್ಚಳ...”

“ಮುಟ್ಟಿದ್ರೆ ನೋಡು.”

ಅವನು ಕೈ ಹಿಂದಕ್ಕೆಳೆದುಕೊಂಡ. ನಾನು ಗಂಟಲು ಸರಿಮಾಡಿಕೊಂಡೆ. ಮೊದಲ ದಿನವೇ ಟೀಚರ್ ತಡವಾಗಿ ಹೋಗುವುದು ಶಿಸ್ತಿನ ದೃಷ್ಟಿಯಿಂದ ನನಗೆ ಸಹಿಸಲಾಗದ ವಿಷಯ. “ನೋಡು, ನಿಯಮದಲ್ಲಿ ಇರುವುದು ‘ಕೆಂಪು ಗೆರೆಗೆ ಬಂದರೆ’ ಎಂದು. ಸೂಜಿ ಬಂದಿಲ್ಲ, ಬರುವುದರಲ್ಲಿದೆ. ಬರುವುದಕ್ಕೂ ಬರುವುದರಲ್ಲಿರುವುದಕ್ಕೂ ಕಾನೂನಿನಲ್ಲಿ ಬಹಳ ವ್ಯತ್ಯಾಸವಿದೆ” ಎಂದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ರೀ, ಗಾಡಿ ಮೂತಿ ನೋಡಿ. ಒಂದು ಮೂಟೆ ಹೂವು, ಅದರ ಮೇಲೆ ಬಟ್ಟೆ. ಗಾಳಿ ಎಲ್ಲಿಂದ ಹೋಗಬೇಕು ಒಳಗೆ? ಉಸಿರು ಕಟ್ಟಿದೆ ಅದಕ್ಕೆ. ತಣ್ಣಗಾದ ಮೇಲೆ ಎಲ್ಲಾ ಬಿಚ್ಚಿದ್ರೆ ಸರಿಹೋಗುತ್ತೆ. ಅಲ್ಲೀವರೆಗೆ ಯಾರೂ ಹತ್ರ ಹೋಗಬೇಡಿ.”

ತಮ್ಮ ಹೂವಿನ ಕಡೆ ನೋಡಿದ. ಬಾಮೈದ ತಮ್ಮನ ಕಡೆ ನೋಡಿದ. ನಾನು ರಸ್ತೆಯ ಕಡೆ ನೋಡಿದೆ.

“ಸರಿ ಅಕ್ಕ, ನೀನು ಕೀ ಕೊಟ್ಟು ನೆರಳಲ್ಲಿ ಕೂತ್ಕೊ,” ಎಂದ ಬಾಮೈದ. “ನಾವು ಮೂರು ಜನ ಇದ್ದೀವಿ. ಹತ್ತೇ ನಿಮಿಷ, ಸ್ಟಾರ್ಟ್ ಮಾಡಿ ನೋಡ್ಕೊಂಡು...”

“ಅದೇ ಬೇಡ ಅಂತಿರೋದು.”

“ಬರೀ ಸ್ಟಾರ್ಟ್ ಅತ್ತಿಗೆ, ಓಡ್ಸಲ್ಲ.”

“ಹತ್ತು ನಿಮಿಷ ಸಮಂಜಸವಾದ ಅವಧಿ,” ಎಂದೆ ನಾನು.

ಮೂವರೂ ಕೈಚಾಚಿ ನಿಂತಿದ್ದೆವು. ಅಷ್ಟರಲ್ಲಿ ಏರಿನ ಕೆಳಗೆ ಕೆಂಪು ಬಸ್ಸು ಕಾಣಿಸಿತು. ಆಕೆ ಕಾರಿನಿಂದ ತನ್ನ ಊಟದ ಡಬ್ಬಿ, ಛತ್ರಿ ತೆಗೆದುಕೊಂಡಳು. ಕೀಯನ್ನು ವ್ಯಾನಿಟಿ ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು. ರಸ್ತೆಗೆ ಹೋಗಿ ಕೈ ಅಡ್ಡ ಹಿಡಿದಳು. ಬಸ್ಸು ನಿಂತಿತು.

“ಲೇ, ಕೀ!” ಎಂದೆ.

“ಸಂಜೆ ತರ್ತೀನಿ,” ಎಂದು ಹತ್ತಿಯೇಬಿಟ್ಟಳು.

ಕಂಡಕ್ಟರ್ ಬಾಗಿಲಲ್ಲಿ ನಿಂತು, ಹೂವಿನ ಮಂಟಪದ ಪಕ್ಕ ಸಾಲಾಗಿ ನಿಂತಿದ್ದ ನಮ್ಮನ್ನು ನೋಡಿದ. “ಇನ್ನೂ ಮೂರು ಜನ ಇದ್ದಾರಲ್ಲ ಮೇಡಂ. ಅವ್ರು ಬರಲ್ವಾ?”

ಆಕೆ ಒಂದು ಸಲ ತಿರುಗಿ ನಮ್ಮನ್ನು ನೋಡಿದಳು.

“ಅವ್ರು ಇನ್ನೂ ತಣ್ಣಗಾಗಿಲ್ಲ. ರೈಟ್ ಹೇಳಿ.”